ಕಾಂತದ ಕಡಿವಾಣ ತೊಟ್ಟ ತಾರೆ

ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ, ಮಾಘಮಾಸದ ರಾತ್ರಿ ಒಂಬತ್ತರ ಹೊತ್ತಿಗೆ, ನೆತ್ತಿಯಿಂದ ತುಸು ದಕ್ಷಿಣಕ್ಕೆ ದೃಷ್ಟಿ ಹಾಯಿಸಿದವರಿಗೆ ಮಹಾವ್ಯಾಧನ ನಡುಪಟ್ಟಿಯ ಮೂರು ತಾರೆಗಳು ಸಾಲಾಗಿ ಕಾಣುತ್ತವೆ. ಪೂರ್ವದ ತುದಿಯ ತಾರೆಯ ಕೆಳಗೆ ಮಿನುಗುವ ‘ಸಿಗ್ಮಾ’ ಒಂದೇ ಚುಕ್ಕೆಯಂತೆ ತೋರಿದರೂ ಅದು ತಾರೆಗಳದೊಂದು ಕುಟುಂಬ. ಅದರಲ್ಲಿ ‘ಇ’ ಎಂಬ ತಾರೆಯನ್ನು ಕಾಣಲು ದುರ್ಬೀನು ಬೇಕು. ಖಗೋಳಜ್ಞರ ಕುತೂಹಲವನ್ನು ಕೆರಳಿಸಿರುವುದು ಈ ಮರೆಯ ತಾರೆಯೇ.

ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿಯಾದರೆ ಇದರದು 20,000 ಡಿಗ್ರಿಗೂ ಮಿಗಿಲು. ಇದರ ಬೆಳಕಿನಲ್ಲಿ ಹೀಲಿಯಂ ಅನಿಲದ ಗುರುತು ವಿಪರೀತ. ಹಾಗೆಂದ ಮಾತ್ರಕ್ಕೆ ತಾರೆಯ ಒಡಲೆಲ್ಲ ಹೀಗೆಯೇ ಎಂದು ಬಗೆಯಬಾರದು. ಹಾಲನ್ನು ಕಲಕದೆ ಇಟ್ಟರೆ ಕೆನೆ ಮೇಲೇರುವುದಷ್ಟೆ. ಇಂತಹ ತಾರೆಗಳಲ್ಲಿಯೂ ಬಲವಾದ ಕಾಂತಕ್ಷೇತ್ರವು ಮೇಲ್ಪದರದ ಅನಿಲವನ್ನು ಕದಡದಂತೆ ಹಿಡಿದಿಡುತ್ತದೆ. ಆಗ ಕೆಲವು ಧಾತುಗಳು ಬೆಳಕಿನ ಒತ್ತಡದಿಂದ ಮೇಲೇರುತ್ತವೆ, ಕೆಲವು ಭಾರದಿಂದ ಕೆಳಗಿಳಿಯುತ್ತವೆ. ವೈಚಿತ್ರ್ಯವೆಲ್ಲ ಮೈಮೇಲಿನದು.

ತಾರೆಗಳಿಗೂ ಇಂತಹ ಕಾಂತಕ್ಷೇತ್ರ ಉಂಟೆಂಬುದನ್ನು ಅಮೆರಿಕದ ಹೊರೇಸ್ ಬ್ಯಾಬ್‌ಕಾಕ್ 1947ರಲ್ಲಿ ಪ್ರಕಟಿಸಿದನು. ಸಿಗ್ಮಾ ‘ಇ’ಯ ಕ್ಷೇತ್ರವನ್ನು ಲ್ಯಾಂಡ್‌ಸ್ಟ್ರೀಟ್ ಮತ್ತು ಬೊರ್ರಾ 1978ರಲ್ಲಿ ತಿಳಿಸಿದರು. ಅದರ ಬಲ ಸುಮಾರು 10,000 ಗಾಸ್. ನಮ್ಮ ಭೂಮಿಯದು ಅರ್ಧ ಗಾಸ್‌ನ ಆಸುಪಾಸು.

ಈ ತಾರೆಯಿಂದ ಸದಾ ಹೊರಬೀಳುವ ಪ್ಲಾಸ್ಮಾ, ಎಂದರೆ ಇಲೆಕ್ಟ್ರಾನುಗಳು ಕಳಚಿದ ಅನಿಲ, ಕಾಂತರೇಖೆಗಳನ್ನು ಅಡ್ಡ ಹಾಯಲಾರದು. ಅವುಗಳ ಗುಂಟವೇ ಹರಿಯಬೇಕು. ಭ್ರಮಣದ ವೇಗ ಅದನ್ನು ಹೊರಕ್ಕೆ ಎಸೆಯುತ್ತದೆ, ಕ್ಷೇತ್ರ ಬಿಡದು. ಹೀಗೆ ಸೆರೆಸಿಕ್ಕ ಪ್ಲಾಸ್ಮಾ ಎರಡು ಮೋಡಗಳಾಗಿ ತಾರೆಯೊಡನೆಯೇ 1.19 ದಿನಕ್ಕೊಂದು ಸುತ್ತು ಬರುತ್ತದೆ. ಮೋಡ ಅಡ್ಡ ಬಂದಾಗಲೆಲ್ಲ ಬೆಳಕು ಕುಂದುತ್ತದೆ.

ಈ ಸೆರೆಗೆ ತಾರೆಯೂ ಬೆಲೆ ತೆರುತ್ತಿದೆ. ಕೈಚಾಚಿದೊಡನೆ ಗಿರಗಿರನೆ ತಿರುಗುವ ಬಾಲಕಿಯ ವೇಗ ತಗ್ಗುವಂತೆ, ದೂರದವರೆಗೆ ಚಾಚಿದ ಕಾಂತಕ್ಷೇತ್ರದಿಂದ ಇದರ ಭ್ರಮಣವೂ ನಿಧಾನವಾಗುತ್ತಿದೆ. 2010ರಲ್ಲಿ ಪ್ರಕಟವಾದ ಲೆಕ್ಕದಂತೆ ಒಂದು ಸುತ್ತಿನ ಅವಧಿ ವರ್ಷಕ್ಕೆ ಸೆಕೆಂಡಿನ ಸಾವಿರದ 77 ಪಾಲಿನಷ್ಟು ಬೆಳೆಯುತ್ತಿದೆ!

ಧಾತುವಿಚಿತ್ರ ತಾರೆಗಳ ಶೋಧದಲ್ಲಿ ಕನ್ನಡನಾಡಿನ ಪಾಲೂ ಉಂಟು. 1997ರಲ್ಲಿ ನೈನಿತಾಲ್ ಮತ್ತು ದಕ್ಷಿಣ ಆಫ್ರಿಕದ ವೀಕ್ಷಣಾಲಯಗಳು ಕೂಡಿ ಆರಂಭಿಸಿದ ಸಮೀಕ್ಷೆಯಲ್ಲಿ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದ ವಿಜ್ಞಾನಿಗಳು ಕೈಜೋಡಿಸಿದರು. ಎಚ್.ಡಿ. 12098 ಎಂಬ ಕಾಂತತಾರೆ 7.6 ನಿಮಿಷಕ್ಕೊಮ್ಮೆ ಮಿಡಿಯುವುದು ಆ ದುಡಿಮೆಯಿಂದ ಬೆಳಕಿಗೆ ಬಂದಿತು. ಸಾವಿರದಲ್ಲಿ ಕೆಲವೇ ಪಾಲಿನಷ್ಟು ಏರಿಳಿಯುವ ಬೆಳಕನ್ನು ರಾತ್ರಿಗಟ್ಟಲೆ ಅಳೆದವರಿಗೆ, ಕಣ್ಣಿಗೆ ನಿಶ್ಚಲವೆನಿಸುವ ಚುಕ್ಕೆಯ ಎದೆಬಡಿತವೂ ಕೇಳಿಸಿತು.