ಮನೆಯಿಂದ ಶೆಡ್‌ಗೆ ವೈಫೈ: ವೇಗ ಹೆಚ್ಚಿಸುವುದು ಹೇಗೆ?

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮ ಮನೆಗೂ ಮಗ್ಗದ ಶೆಡ್‌ಗೂ 300 ಮೀಟರ್ ಅಂತರ. ಮನೆಯ ವೈಫೈ ಅಲ್ಲಿ ತೆವಳುತ್ತದೆ. ಏನು ಮಾಡಬೇಕು?

ಉತ್ತರ: ಮನೆಯ ರೌಟರ್ ಎಲ್ಲ ದಿಕ್ಕಿಗೂ ಸಂಕೇತ ಚೆಲ್ಲುತ್ತದೆ, ಶೆಡ್‌ಗೆ ತಲುಪುವುದು ಅತ್ಯಲ್ಪ. ಎರಡೂ ಮಾಳಿಗೆಯ ಮೇಲೆ ಎದುರುಬದುರಾಗಿ ದಿಕ್ಕು ಹಿಡಿದು ಪ್ರಸಾರ ಮಾಡುವ 5 ಗಿಗಾಹರ್ಟ್ಸ್ ಆಂಟೆನಾ ಕೂರಿಸಿ. ನಿಗದಿತ ಶಕ್ತಿಮಿತಿಯೊಳಗೆ ಈ ತರಂಗಗಳನ್ನು ಹೊರಾಂಗಣದಲ್ಲೂ ಬಳಸಲು 2018ರಿಂದ ಪರವಾನಗಿ ಬೇಕಿಲ್ಲ.

ಹೆಚ್ಚಿನವರು ಎಡವುವುದು ಎತ್ತರದಲ್ಲಿ. ಆಚೆಯ ಆಂಟೆನಾ ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ಅಲೆಗೆ ನೇರ ಗೆರೆಯ ಸುತ್ತಲೂ ಜಾಗ ಬೇಕು. 300 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 2 ಮೀಟರ್. ಅದರ ಶೇ. 60ರಷ್ಟಾದರೂ ಖಾಲಿ ಇರಲಿ. ನಡುವೆ ಬೇವಿನ ಮರವಿದ್ದರೆ, ಮಳೆಗೆ ತೊಯ್ದ ಎಲೆಗಳು ಸಂಕೇತವನ್ನು ಇನ್ನಷ್ಟು ಹೀರುತ್ತವೆ. ಮರ ಕಡಿಯಬೇಡಿ, ದಯವಿಟ್ಟು, ಕಂಬ ಎತ್ತರಿಸಿ. ಗಾಳಿಗೆ ಅಲುಗದಂತೆ ಬಿಗಿದು, ಸಿಡಿಲಿನ ರಕ್ಷಣೆಗೆ ಅರ್ಥಿಂಗ್ ಕೊಡಿ.

ಲಕ್ಷ್ಮೇಶ್ವರದ ಎರೆಭೂಮಿಯ ಬಯಲಲ್ಲಿ ಇಂಥ ಸಂಪರ್ಕ ಸಲೀಸು. ಶಿರಹಟ್ಟಿ, ಮುಂಡರಗಿ ಕಡೆ ಕಪ್ಪತಗುಡ್ಡದ ಸಾಲು ಅಡ್ಡ ಬಂದರೆ ಎಷ್ಟು ದೊಡ್ಡ ಆಂಟೆನಾ ತಂದರೂ ಪ್ರಯೋಜನ ಕಡಿಮೆ. ಎರಡೂ ಕಡೆಗೆ ಕಾಣುವ ಎತ್ತರದಲ್ಲಿ ಮತ್ತೊಂದು ಕೇಂದ್ರ ಬೇಕು.

ಆಮೇಲೆ ಚಾನೆಲ್ ಅಗಲ. 20ರಿಂದ 40 ಮೆಗಾಹರ್ಟ್ಸ್‌ಗೆ ಏರಿಸಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ, ಆದರೆ ಗದ್ದಲವೂ ಇಮ್ಮಡಿ. ಸಂಕೇತ ದುರ್ಬಲವಿದ್ದರೆ ಅಗಲಿಸಬೇಡಿ. ಉಪಕರಣದ ಕೇಬಲ್ ಪೋರ್ಟ್ 100 ಎಂಬಿಪಿಎಸ್‌ನದೋ ಎಂದೂ ನೋಡಿ. ಹಾಗಿದ್ದರೆ ಗಾಳಿಯಲ್ಲಿ ಎಷ್ಟೇ ವೇಗವಿದ್ದರೂ ಶೆಡ್‌ಗೆ ಅಷ್ಟೇ ಸಿಗುವುದು.