ಟೈಮರ್ ಕೈಕೊಟ್ಟರೆ ಬಚ್ಚಲಮನೆಯಲ್ಲಿ ಏನಾಗುತ್ತದೆ?

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರುಗಳಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಬೇಕಾಗಿಲ್ಲ. ಬೇಕಿರುವುದು ಬೆಳಗಿನ ಜಳಕಕ್ಕೆ ಬಿಸಿನೀರು. ಒಲೆಯ ಮೇಲಿನ ಹಂಡೆಯ ಜಾಗಕ್ಕೆ ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಕರೆಂಟಿನ ರಾಡ್ ಬಂದು ಬಹಳ ವರ್ಷಗಳಾದವು. ಕಟ್ಟಿಗೆ, ಹೊಗೆ ಎರಡೂ ತಪ್ಪಿದವು, ಒಳ್ಳೆಯದೇ ಆಯಿತು. ಆದರೆ ಹಂಡೆಯ ಉರಿ ಕಟ್ಟಿಗೆ ಮುಗಿದರೆ ತಾನಾಗಿ ಆರುತ್ತಿತ್ತು. ರಾಡ್ ಹಾಗೆ ಆರೋದಿಲ್ಲ.

ಗೀಸರ್‌ನಲ್ಲಿ ಒಂದರ ಹಿಂದೆ ಒಂದು ಕಾವಲು ಇರುತ್ತದೆ. ನೀರು ಸಾಕಷ್ಟು ಕಾದ ಕೂಡಲೇ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ. ಅದು ಕೆಟ್ಟರೆ ಥರ್ಮಲ್ ಕಟೌಟ್ ಇದೆ. ಅದೂ ಕೆಟ್ಟರೆ ಒತ್ತಡ ಹೊರಬಿಡುವ ವಾಲ್ವ್ ಇದೆ. ಬಕೆಟ್ಟಿನ ಸಾದಾ ರಾಡ್‌ಗೆ ಈ ಮೂರರಲ್ಲಿ ಒಂದೂ ಇಲ್ಲ. ಇರುವ ಕಾವಲು ಮನುಷ್ಯರದ್ದೇ, ಅದೂ ಹೆಚ್ಚಾಗಿ ಹಾಲು ಕಾಯಿಸುತ್ತಾ, ರೊಟ್ಟಿ ಬಡಿಯುತ್ತಾ ಇರುವ ಹೆಣ್ಣುಮಕ್ಕಳದ್ದು.

ಲೆಕ್ಕ ನೋಡಿ. 1500 ವ್ಯಾಟ್ ರಾಡ್ 20 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು ಸುಮಾರು ಅರ್ಧ ಗಂಟೆ ಸಾಕು. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಮಕ್ಕಳದ್ದಾದರೆ ಇನ್ನೂ ಬೇಗ. ಮರೆತುಬಿಟ್ಟರೆ ಸುಮಾರು 70 ನಿಮಿಷಕ್ಕೆ ನೀರು ಕುದಿಯುತ್ತದೆ. ಆಮೇಲೆ ನೀರು ಆವಿಯಾಗಿ ಮಟ್ಟ ಇಳಿದು ರಾಡ್ ಹೊರಗೆ ಬಂತೆಂದರೆ, ಕೆಂಪಗೆ ಕಾದು ಬಕೆಟ್ಟನ್ನೇ ಕರಗಿಸುತ್ತದೆ.

ಹಾಗಾದರೆ ಟೈಮರ್ ಹಾಕಿದರಾಯಿತಲ್ಲ ಎನ್ನಬಹುದು. ತೊಡಕು ಇಲ್ಲೇ ಇದೆ. ಗುಂಡಗೆ ತಿರುಗುವ ಅಗ್ಗದ ಪ್ಲಗ್ ಟೈಮರಿನ ಗಡಿಯಾರ ಓಡುವುದೇ ಮನೆಯ ಕರೆಂಟಿನಿಂದ. ರಾತ್ರಿ ಗಾಳಿ-ಮಳೆಗೆ ಮೂರು ತಾಸು ಕರೆಂಟ್ ಹೋದರೆ ಅದರ ಗಡಿಯಾರವೂ ಮೂರು ತಾಸು ನಿಲ್ಲುತ್ತದೆ. ಬೆಳಿಗ್ಗೆ 5ಕ್ಕೆ ಹತ್ತಬೇಕಿದ್ದ ರಾಡ್ 8ಕ್ಕೆ ಹತ್ತುತ್ತದೆ. ಆಗ ದೊಡ್ಡವರು ಹೊಲದಲ್ಲಿ, ಮನೆಯಲ್ಲಿ ಮುದುಕರು, ಸಣ್ಣ ಹುಡುಗರು. ಇನ್ನು ಒಳಗಿನ ರಿಲೇಯ ಸಂಪರ್ಕಗಳು ಕಾದು ಒಂದಕ್ಕೊಂದು ಬೆಸೆದುಕೊಂಡರಂತೂ ಟೈಮರ್ 'ಆಫ್' ಎಂದು ತೋರಿಸಿದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಟೈಮರೇ ಇಲ್ಲದ ಮನೆಗಳಲ್ಲಿ "ಕರೆಂಟ್ ಹೋಗೇತಿ, ಸ್ವಿಚ್ ಹಾಂಗ ಇರ್ಲಿ" ಅನ್ನೋ ಮಾತೂ ಅಷ್ಟೇ ಅಪಾಯದ್ದು. ಹಳ್ಳಿಗಳ ಮನೆಗಳಿಗೆ ಬೇರೆ ಫೀಡರ್ ಕೊಟ್ಟ ನಿರಂತರ ಜ್ಯೋತಿ ಯೋಜನೆಯ ನಂತರವೂ ಗಾಳಿ, ಮಳೆ, ಲೈನ್ ದುರಸ್ತಿ ಯಾರ ಮಾತೂ ಕೇಳೋದಿಲ್ಲ.

ಇದರಲ್ಲಿ ರಾಜಕಾರಣ ಎಲ್ಲಿ ಬಂತು? ವೈರಿಂಗ್‌ನಲ್ಲಿ. ಭಾಗ್ಯಜ್ಯೋತಿ ಬಡವರ ಮನೆಗೆ ಕೊಟ್ಟಿದ್ದು ಒಂದು ಬಲ್ಬಿನ ಸಂಪರ್ಕ. ಅಂಥ ಸಂಪರ್ಕದಿಂದ ಎಳೆದ ತೆಳು ವೈರಿಗೆ ಇವತ್ತು 1500 ವ್ಯಾಟ್ ರಾಡ್ ಹಚ್ಚಿದರೆ ಆರೂವರೆ ಆಂಪಿಯರ್ ಹರಿಯುತ್ತದೆ, ಸಾದಾ ಸಾಕೆಟ್ಟಿನ ಮಿತಿಯೇ 6. ಪ್ಲಗ್ ಕಪ್ಪಾಗೋದು, ಸುಟ್ಟ ವಾಸನೆ ಬರೋದು ಅದಕ್ಕೇ. 2023ರಲ್ಲಿ ಬಂದ ಗೃಹಜ್ಯೋತಿ 200 ಯೂನಿಟ್‌ವರೆಗೆ ಬಿಲ್ಲಿನ ಭಯ ತೆಗೆಯಿತು, ಅದು ಬೇಕಾಗಿತ್ತು. ಆದರೆ ಆ ಕರೆಂಟು ಹರಿಯುವ ವೈರು, ಅರ್ಥಿಂಗ್ ಹೇಗಿದೆ ಎಂದು ನೋಡುವ ಕೆಲಸ ಯೋಜನೆಯಲ್ಲಿ ಸೇರಲಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಮನೆಗಳಿಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಸಾಧನ ಬೇಕು ಎನ್ನುತ್ತವೆ, ಆದರೆ ಕಡಿಮೆ ಲೋಡ್‌ನ ಸಂಪರ್ಕಗಳಿಗೆ ವಿನಾಯಿತಿ ಕೊಡುತ್ತವೆ. ಅಂದರೆ ಹಳೇ ವೈರಿಂಗ್, ಒಣಗಿದ ಅರ್ಥಿಂಗ್ ಇರುವ ಬಡವರ ಮನೆಯೇ ನಿಯಮದ ಹೊರಗೆ. ಇದು ತಲೆಕೆಳಗಾದ ನ್ಯಾಯ. ಹೆಸ್ಕಾಂ ಮೀಟರ್ ಕೂರಿಸುವಾಗಲೇ ಆರ್‌ಸಿಸಿಬಿಯನ್ನೂ ಕೂರಿಸಲಿ ಎಂಬುದು ಗ್ರಾಮಸಭೆಯಲ್ಲಿ ಎತ್ತಬಹುದಾದ ಬೇಡಿಕೆ. ಎಂಸಿಬಿ ಇದೆಯಲ್ಲ ಎಂದು ಯಾರಾದರೂ ಅಂದರೆ, ಅದು ಕಾಯೋದು ವೈರನ್ನು, ಮನುಷ್ಯನನ್ನಲ್ಲ ಎಂದು ಹೇಳಿ.

ಆರ್‌ಸಿಸಿಬಿ ಶಾಕ್‌ನಿಂದ ಉಳಿಸೀತು, ನೀರು ಕುದಿಯೋದನ್ನು ತಡೆಯೋದಿಲ್ಲ. ಅದಕ್ಕೆ ಸದ್ಯ ಇರುವ ದಾರಿ ಇಷ್ಟೇ: ಐಎಸ್‌ಐ ಗುರುತಿನ ರಾಡ್, 16 ಆಂಪಿಯರ್ ಸಾಕೆಟ್, ಟೈಮರ್ ಬೇಕೇಬೇಕೆಂದರೆ ಬ್ಯಾಟರಿ ಇರುವ 16 ಆಂಪಿಯರಿನದ್ದು. ಕರೆಂಟ್ ಹೋದ ಕೂಡಲೇ ಪ್ಲಗ್ ಕೀಳಿ. ನೀರು ಕಾದಿದೆಯಾ ಎಂದು ಬೆರಳಿಟ್ಟು ನೋಡುವ ಮೊದಲೂ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಹಳೇ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್‌ಗೆ ಕೂತಿದ್ದರೆ, ಆರಿಸಿದ ಮೇಲೂ ರಾಡ್‌ನಲ್ಲಿ ಕರೆಂಟ್ ಇರುತ್ತದೆ.