ಅಂಗೈಯಗಲದ ಜೀವಕ್ಕೂ ಅಭಯ

ಜೈನಧರ್ಮವು ಶ್ರಾವಕನಿಗೆ ವಿಧಿಸಿರುವ ನಾಲ್ಕು ದಾನಗಳಲ್ಲಿ ಆಹಾರದಾನ, ಔಷಧದಾನ, ಶಾಸ್ತ್ರದಾನ ಈ ಮೂರೂ ಕೈಯಿಂದ ಕೈಗೆ ಸಲ್ಲುವಂಥವು. ನಾಲ್ಕನೆಯದಾದ ಅಭಯದಾನಕ್ಕೆ ಮಾತ್ರ ವಸ್ತುರೂಪವಿಲ್ಲ. 'ನನ್ನಿಂದ ನಿನಗೆ ಭಯವಿಲ್ಲ' ಎಂಬ ಭರವಸೆಯೇ ಅದರ ಸ್ವರೂಪ. ಮಾತು ಬಲ್ಲವರಿಗೆ ಈ ಭರವಸೆಯನ್ನು ನೀಡುವುದು ಸುಲಭ. ಮಾತು ಬಾರದ, ಪ್ರತಿಯಾಗಿ ಏನನ್ನೂ ಕೊಡಲಾರದ, ಮುಪ್ಪಿನಿಂದ ಕುಗ್ಗಿದ ಪುಟ್ಟ ಪ್ರಾಣಿಯೊಂದರ ವಿಷಯದಲ್ಲಿ ಅದನ್ನು ಕೊನೆಯ ಉಸಿರಿನವರೆಗೂ ಉಳಿಸಿಕೊಳ್ಳುವುದು ಕಷ್ಟ. ಅಭಯದಾನದ ನಿಜವಾದ ಪರೀಕ್ಷೆ ನಡೆಯುವುದೂ ಅಲ್ಲಿಯೇ.

ಇಂದು ನಗರಗಳ ಅನೇಕ ಮನೆಗಳಿಗೆ ಮಕ್ಕಳ ಒತ್ತಾಯದಿಂದ ಹ್ಯಾಮ್‌ಸ್ಟರ್ ಎಂಬ ಪ್ರಾಣಿ ಬಂದು ಸೇರಿದೆ. ಇಲಿಯನ್ನು ಹೋಲುವ, ಮೋಟುಬಾಲದ, ಕೆನ್ನೆಯ ಚೀಲಗಳಲ್ಲಿ ಕಾಳು ತುಂಬಿಕೊಳ್ಳುವ ಈ ಜೀವಿಯ ಆಯುಸ್ಸು ಸಾಮಾನ್ಯವಾಗಿ 2ರಿಂದ 3 ವರ್ಷ ಮಾತ್ರ. ಒಂದೂವರೆ ವರ್ಷ ಕಳೆಯುತ್ತಲೇ ಮುಪ್ಪಿನ ಚಿಹ್ನೆಗಳು ತೋರತೊಡಗುತ್ತವೆ. ಕಣ್ಣಿಗೆ ಪೊರೆ ಬರುತ್ತದೆ, ಕೀಲುಗಳು ಬಿಗಿಯುತ್ತವೆ, ರೋಮ ಉದುರುತ್ತದೆ, ಮೈಯಲ್ಲಿ ಗಡ್ಡೆಗಳೇಳಬಹುದು. ಜೀವನಪೂರ್ತಿ ಬೆಳೆಯುತ್ತಲೇ ಇರುವ ಬಾಚಿಹಲ್ಲುಗಳು ಸವೆಯದೆ ಉದ್ದವಾದರೆ ತಿನ್ನುವುದೇ ಸಾಧ್ಯವಾಗದು. ತಂದ ದಿನ ಮನೆಮಂದಿಯೆಲ್ಲ ಸುತ್ತ ಕುಳಿತು ನೋಡಿದ ಪ್ರಾಣಿಯ ಪಂಜರ ಈಗ ಮೂಲೆಗೆ ಸರಿಯುತ್ತದೆ. ಆಗ ಮೂರು ಮಾತುಗಳು ಕೇಳಿಬರುತ್ತವೆ: ಕೊಂಡ ಬೆಲೆಗಿಂತ ಚಿಕಿತ್ಸೆಯ ವೆಚ್ಚವೇ ಹೆಚ್ಚಾಯಿತು, ತೋಟಕ್ಕೆ ಬಿಟ್ಟುಬಿಟ್ಟರೆ ಸ್ವತಂತ್ರವಾಗಿರುತ್ತದೆ, ನರಳುವುದಕ್ಕಿಂತ ಒಂದು ಚುಚ್ಚುಮದ್ದಿನಲ್ಲಿ ಮುಗಿಸುವುದೇ ದಯೆ. ಈ ಮೂರೂ ಮಾತುಗಳನ್ನು ಶ್ರಾವಕನಾದವನು ಜಿನಾಗಮದ ಬೆಳಕಿನಲ್ಲಿ ಪರಿಶೀಲಿಸಬೇಕು.

ಬೆಲೆ ಯಾವುದರದು?

ಅಂಗಡಿಯಲ್ಲಿ ತೆತ್ತ ಹಣ ದೇಹಕ್ಕೆ ಸಂದುದು. ಜೀವಕ್ಕೆ ಬೆಲೆ ಕಟ್ಟಿದವರಿಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯುಸ್ಸು ಎಂದು ಪ್ರಾಣಗಳು ಹತ್ತು. ತಾಯಿಯ ಗರ್ಭದಿಂದ ಹುಟ್ಟುವ ಹ್ಯಾಮ್‌ಸ್ಟರ್ ಸಂಜ್ಞಿ ಪಂಚೇಂದ್ರಿಯ ಜೀವಿ. ಮನುಷ್ಯನಲ್ಲಿರುವ ಹತ್ತು ಪ್ರಾಣಗಳೂ ಅದರಲ್ಲಿವೆ. ದೀಪವು ಗಡಿಗೆಯೊಳಗಿದ್ದರೆ ಗಡಿಗೆಯಷ್ಟನ್ನೂ ಕೋಣೆಯಲ್ಲಿದ್ದರೆ ಕೋಣೆಯಷ್ಟನ್ನೂ ಬೆಳಗುವಂತೆ, ಆತ್ಮವು ತಾನು ಪಡೆದ ಶರೀರಕ್ಕೆ ತಕ್ಕಂತೆ ಸಂಕೋಚ-ವಿಸ್ತಾರಗೊಳ್ಳುತ್ತದೆ ಎಂಬುದು ನಮ್ಮ ಸಿದ್ಧಾಂತ. ಆನೆಯೊಳಗಿನ ಆತ್ಮ ದೊಡ್ಡದೂ ಅಲ್ಲ, 150 ಗ್ರಾಂ ತೂಗುವ ಪ್ರಾಣಿಯೊಳಗಿನ ಆತ್ಮ ಚಿಕ್ಕದೂ ಅಲ್ಲ.

ಪಂಪನ ಆದಿಪುರಾಣದಲ್ಲಿ ವಜ್ರಜಂಘ-ಶ್ರೀಮತಿಯರು ಚಾರಣಮುನಿಗಳಿಗೆ ಆಹಾರದಾನ ಮಾಡುವ ಪ್ರಸಂಗ ಕನ್ನಡಿಗರಿಗೆ ಪರಿಚಿತ. ಆ ದಾನವನ್ನು ಕಂಡು ಮನಸಾರೆ ಅನುಮೋದಿಸಿದ ಹುಲಿ, ಹಂದಿ, ಕಪಿ ಮತ್ತು ಮುಂಗುಸಿ ಭವಾಂತರದಲ್ಲಿ ಆದಿತೀರ್ಥಂಕರನ ಮಕ್ಕಳಾಗಿ ಜನಿಸಿದವು. ಮುಂಗುಸಿಯಂಥ ಕಿರುಜೀವಿಯೂ ಆ ಹಾದಿಯಲ್ಲಿ ನಡೆಯಬಲ್ಲದಾದರೆ, ನಮ್ಮ ಮನೆಯ ಪಂಜರದಲ್ಲಿರುವುದು ಯಾವ ಭವ್ಯಜೀವವೋ ಬಲ್ಲವರಾರು? ಚಿಕಿತ್ಸೆಯ ವೆಚ್ಚವನ್ನು ಕೊಂಡ ಬೆಲೆಯೊಡನೆ ತೂಗುವುದು ಆದ್ದರಿಂದ ತಪ್ಪು ಲೆಕ್ಕ. ಅದನ್ನು ಔಷಧದಾನದ ಬಾಬ್ತಿನಲ್ಲಿ ಬರೆದುಕೊಳ್ಳಬೇಕು.

ಬಿಡುಗಡೆ ಎಲ್ಲಿದೆ?

ತನ್ನ ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಪಶುಗಳ ಆಕ್ರಂದನ ಕೇಳಿ ನೇಮಿನಾಥಸ್ವಾಮಿಯು ವಿರಕ್ತನಾಗಿ ಗಿರಿನಾರಕ್ಕೆ ತೆರಳಿದ ಕಥೆಯನ್ನು ಕೇಳಿ ಬೆಳೆದವರಿಗೆ, ಪಂಜರದ ಬಾಗಿಲು ತೆರೆಯುವುದೇ ಧರ್ಮವೆಂದು ತೋರುವುದು ಸಹಜ. ಆದರೆ ಹ್ಯಾಮ್‌ಸ್ಟರಿಗೆ ನಮ್ಮ ತೋಟ ತವರಲ್ಲ. ಇಂದು ಸಾಕುವ ಹೊಂಬಣ್ಣದ ಹ್ಯಾಮ್‌ಸ್ಟರುಗಳ ಮೂಲ ಸಿರಿಯಾ ದೇಶದ ಅಲೆಪ್ಪೊ ಸೀಮೆ. 1930ರಲ್ಲಿ ಅಲ್ಲಿನ ಹೊಲವೊಂದರ ಬಿಲದಿಂದ ತೆಗೆದ ಒಂದೇ ತಾಯಿಯ ಮರಿಗಳಿಂದ ಇವುಗಳ ಸಂತತಿ ಜಗತ್ತಿಗೆ ಹರಡಿತು. ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ, ಈಗ ಕಣ್ಣೂ ಮಂಜಾದ ಪ್ರಾಣಿಯನ್ನು ಹೊರಗೆ ಬಿಟ್ಟರೆ ಅದು ಬೆಕ್ಕಿಗೋ ಕಾಗೆಗೋ ಆಹಾರವಾಗುವುದು ನಿಶ್ಚಿತ. ಅದು ಬಿಡುಗಡೆಯಲ್ಲ, ಹೊಣೆಯಿಂದ ನಾವು ಪಡೆಯುವ ಬಿಡುಗಡೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಮೊದಲನೆಯದೇ ಬಂಧ, ಕೊನೆಯದು ಅನ್ನ-ನೀರು ತಪ್ಪಿಸುವುದು. ಪಶುವನ್ನು ಕಟ್ಟಲೇಬೇಕಾದ ಗೃಹಸ್ಥನು ಅದಕ್ಕೆ ನೋವಾಗದಂತೆ, ಬೆಂಕಿ ಮೊದಲಾದ ಆಪತ್ತಿನಲ್ಲಿ ಬಿಡಿಸಿಕೊಳ್ಳುವಂತೆ ಸಡಿಲವಾಗಿ ಕಟ್ಟಬೇಕೆಂದು ಶ್ರಾವಕಾಚಾರದ ವ್ಯಾಖ್ಯಾನಗಳು ತಿಳಿಸುತ್ತವೆ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಇಕ್ಕಟ್ಟಾದ ಪಂಜರದಲ್ಲಿಡುವುದನ್ನು, ಸಾಕಷ್ಟು ಅನ್ನ-ನೀರು ಕೊಡದಿರುವುದನ್ನು, ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು ಅಪರಾಧವೆಂದೇ ಪರಿಗಣಿಸುತ್ತದೆ. ಪಂಜರದಲ್ಲಿರುವ ಜೀವಿ ತನ್ನ ಅನ್ನವನ್ನು ತಾನೇ ಹುಡುಕಿಕೊಳ್ಳಲಾರದು. ಆ ಶಕ್ತಿಯನ್ನು ಕಸಿದವರು ನಾವಾದ್ದರಿಂದ ಅದರ ಆರೈಕೆ ನಮ್ಮ ಔದಾರ್ಯವಲ್ಲ, ತೀರಿಸಬೇಕಾದ ಋಣ.

ಯತ್ನಾಚಾರವೇ ಆರೈಕೆ

ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಭಾವನೆಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು. ಯಾವುದನ್ನೇ ಎತ್ತುವಾಗ, ಇಡುವಾಗ ನೋಡಿ ಎಚ್ಚರದಿಂದ ವರ್ತಿಸುವುದು ಅದರ ಅರ್ಥ. ಮುದಿ ಹ್ಯಾಮ್‌ಸ್ಟರನ್ನು ಎತ್ತುವ ಕೈಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕಣ್ಣು ಕಾಣದ ಪ್ರಾಣಿಯನ್ನು ಹಠಾತ್ತನೆ ಮೇಲಿನಿಂದ ಹಿಡಿದರೆ ಅದು ಬೆದರುತ್ತದೆ. ಮೊದಲು ಮೆಲ್ಲಗೆ ದನಿ ಕೇಳಿಸಿ, ಕೈಯ ವಾಸನೆ ಹಿಡಿಯಲು ಬಿಟ್ಟು, ಎರಡೂ ಅಂಗೈಗಳ ಬೊಗಸೆಯಲ್ಲಿ ನೆಲಕ್ಕೆ ಹತ್ತಿರವಾಗಿಯೇ ಎತ್ತಬೇಕು. ಪಂಜರದೊಳಗಿನ ಏಣಿ, ಅಟ್ಟಗಳನ್ನು ತೆಗೆದು ನೆಲವನ್ನು ಸಮತಟ್ಟಾಗಿಸಬೇಕು. ನೀರು, ಆಹಾರಗಳು ಗೂಡಿನ ಹತ್ತಿರ, ಬಾಯಿಗೆ ಎಟುಕುವ ಎತ್ತರದಲ್ಲಿರಬೇಕು. ಗಟ್ಟಿ ಕಾಳು ಅಗಿಯಲಾಗದಿದ್ದರೆ ನೆನೆಸಿ ಮೆತ್ತಗೆ ಮಾಡಿ ಕೊಡಬೇಕು. ಜೈನರ ಅಡುಗೆಮನೆ ವರ್ಜಿಸುವ ಈರುಳ್ಳಿ, ಬೆಳ್ಳುಳ್ಳಿಗಳು ಈ ಪ್ರಾಣಿಗೂ ಅಪಥ್ಯ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯ ರೂಢಿ. ನೋವನ್ನು ಮರೆಮಾಚುವ ಸ್ವಭಾವದ ಈ ಪ್ರಾಣಿಗಳಲ್ಲಿ ರೋಗದ ಮೊದಲ ಸುಳಿವು ಹಲವೊಮ್ಮೆ ತೂಕದ ಇಳಿತವೇ ಆಗಿರುತ್ತದೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಕೊಡುವ ಸಾಹಸ ಸಲ್ಲದು. ಪೆನ್ಸಿಲಿನ್ ವರ್ಗದ ಕೆಲವು ಔಷಧಗಳು ಹ್ಯಾಮ್‌ಸ್ಟರಿನ ಕರುಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲವು. ಸಣ್ಣ ಪ್ರಾಣಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರಲ್ಲಿಗೇ ಒಯ್ಯಬೇಕು. ಚಳಿ ಹೆಚ್ಚಾದಾಗ ಇದು ಜಡನಿದ್ರೆಗೆ ಜಾರಿ ಸತ್ತಂತೆಯೇ ಕಾಣುವುದುಂಟು. ಆದ್ದರಿಂದ ದೇಹ ತಣ್ಣಗಾಯಿತೆಂದು ಅವಸರದಿಂದ ಹೂಳದೆ, ಬೆಚ್ಚಗೆ ಇಟ್ಟು ಉಸಿರನ್ನು ಗಮನಿಸಬೇಕು.

ಮತ್ತೊಂದು ಸೂಕ್ಷ್ಮವುಂಟು. ಹ್ಯಾಮ್‌ಸ್ಟರ್ ನಿಶಾಚರಿ. ಮನೆಯವರು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿದ ಮೇಲೆ ಅದರ ಹಗಲು ಆರಂಭ. ರಾತ್ರಿಭೋಜನತ್ಯಾಗ ನಮ್ಮ ವ್ರತ. ಅದನ್ನು ಆ ಪ್ರಾಣಿಯ ಮೇಲೆ ಹೇರಿದರೆ ಅನ್ನಪಾನನಿರೋಧವಾಗುತ್ತದೆ. ವ್ರತವೆಂಬುದು ತಾನಾಗಿ ಕೈಗೊಳ್ಳುವಂಥದು, ಇನ್ನೊಂದು ಜೀವಕ್ಕೆ ತೊಡಿಸುವಂಥದಲ್ಲ. ಈ ಮಾತು ಮುಂದೆಯೂ ನಮಗೆ ಬೇಕಾಗುತ್ತದೆ.

ಮುಪ್ಪಿನ ದೇಹದ ದುರ್ಗಂಧ, ಕೀವು, ಮಲಮೂತ್ರಗಳನ್ನು ಶುಚಿಗೊಳಿಸುವಾಗ ಮನಸ್ಸು ಹಿಂಜರಿಯುವುದುಂಟು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಗೆ ಸಮಂತಭದ್ರ ಆಚಾರ್ಯರು ಉದ್ದಾಯನ ರಾಜನನ್ನು ಉದಾಹರಿಸುತ್ತಾರೆ. ಕುಷ್ಠರೋಗಿ ಮುನಿಯ ವೇಷದಲ್ಲಿ ಬಂದ ದೇವನು ತನ್ನ ಮೇಲೆ ವಾಂತಿ ಮಾಡಿದರೂ ಆ ರಾಜನು ಅಸಹ್ಯಪಡದೆ ಸೇವೆ ಮಾಡಿದನು. ಮುನಿಸೇವೆಗೂ ಪ್ರಾಣಿಸೇವೆಗೂ ಅಂತರವಿದೆ, ನಿಜ. ಆದರೆ ದೇಹದ ಅಶುಚಿಯನ್ನು ಕಂಡು ಹೇಸದ ಮನಸ್ಸು ಅಭ್ಯಾಸವಾಗಬೇಕಾದದ್ದು ಇಂಥ ನಿತ್ಯದ ಕೆಲಸಗಳಲ್ಲಿಯೇ.

ದಯೆಯ ಹೆಸರಿನ ಸಾವು

ಇನ್ನು ಮೂರನೆಯ ಮಾತು, ಎಲ್ಲಕ್ಕಿಂತ ಕಠಿಣವಾದುದು. ಗುಣವಾಗದ ಗಡ್ಡೆಯಿಂದ ನರಳುವ ಪ್ರಾಣಿಗೆ ದಯಾಮರಣ ಕೊಡಿಸೋಣವೆಂದು ಯೋಚಿಸುವವರು ಕ್ರೂರಿಗಳಲ್ಲ. ನೋವನ್ನು ನೋಡಲಾರದೆ ಹಾಗೆನ್ನುತ್ತಾರೆ. ಸಾವಿರ ವರ್ಷಗಳಷ್ಟು ಹಿಂದೆಯೇ ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಕೊಂದರೆ ಬೇಗ ದುಃಖ ಕಳೆಯುವುದೆಂಬ ತಪ್ಪು ಭಾವನೆಗೆ ಒಳಗಾಗಿ ದುಃಖಿಯಾದ ಜೀವಿಯನ್ನೂ ಕೊಲ್ಲಬಾರದೆಂಬುದು ಅವರ ಸ್ಪಷ್ಟ ನಿಲುವು. ಅಸಾತಾವೇದನೀಯ ಕರ್ಮ ದೇಹದೊಡನೆ ಮುಗಿಯುವುದಿಲ್ಲ. ದೇಹವನ್ನು ಕೊನೆಗಾಣಿಸಿದರೆ ದುಃಖ ಕೊನೆಗಂಡಿತೆಂಬ ಭರವಸೆ ಇಲ್ಲ.

ಸಲ್ಲೇಖನವನ್ನು ಒಪ್ಪುವ ಧರ್ಮ ಇದನ್ನೇಕೆ ಒಪ್ಪದು ಎಂದು ಕೇಳುವವರಿದ್ದಾರೆ. ಸಲ್ಲೇಖನವು ವ್ರತಿಯು ವಿವೇಕದಿಂದ, ಕಷಾಯಗಳನ್ನು ಕೃಶಗೊಳಿಸುತ್ತ, ತಾನೇ ಸ್ವೀಕರಿಸುವ ವ್ರತ. ಅದನ್ನು ಮತ್ತೊಬ್ಬರಿಗಾಗಿ ಯಾರೂ ಸ್ವೀಕರಿಸಲಾರರು. ರಾತ್ರಿಭೋಜನತ್ಯಾಗವನ್ನೇ ಹೇರಬಾರದಾದ ಜೀವದ ಮೇಲೆ ಮರಣವನ್ನು ಹೇರುವುದೆಂತು?

ಹಾಗೆಂದು ನರಳಲು ಬಿಟ್ಟು ಕರ್ಮಫಲವೆಂದು ಕೈಕಟ್ಟಿ ಕೂರುವುದೂ ಧರ್ಮವಲ್ಲ. ಅದು ಪ್ರಮಾದ, ಪ್ರಮಾದವೇ ಹಿಂಸೆಯ ಮೂಲ. ವೈದ್ಯರ ಸಲಹೆಯಂತೆ ನೋವು ತಗ್ಗಿಸುವ ಔಷಧ, ಬೆಚ್ಚನೆಯ ಹಾಸು, ನಿಶ್ಶಬ್ದ, ಹನಿಹನಿಯಾಗಿ ನೀರು ಇವನ್ನು ಕೊನೆಯವರೆಗೂ ಒದಗಿಸಬೇಕು. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿರುವ ಪಕ್ಷಿಗಳ ಧರ್ಮಾಸ್ಪತ್ರೆ ಇಂದಿಗೂ ನಡೆದಿರುವುದು ಇದೇ ಭಾವನೆಯಿಂದ.

ಔಷಧವೂ ಸೋತಾಗ ಉಳಿಯುವುದನ್ನು ಜೀವಂಧರನ ಕಥೆ ತೋರಿಸುತ್ತದೆ. ಭಾಸ್ಕರ ಕವಿ 1424ರಲ್ಲಿ ಕನ್ನಡದಲ್ಲಿ ಹಾಡಿದ ಈ ಕಥೆಯಲ್ಲಿ, ಜನರ ಹೊಡೆತಕ್ಕೆ ಸಿಕ್ಕಿ ಪ್ರಾಣಬಿಡುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ಬದುಕಿಸಲಾಗದಿದ್ದರೂ ಅವನು ಅದನ್ನು ಬಿಟ್ಟು ಹೋಗಲಿಲ್ಲ. ಆ ನಾಯಿ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತೆಂಬುದು ಕಥೆಯ ಮುಂದಿನ ಭಾಗ. ಸಾಯುವ ಜೀವದ ಪಕ್ಕದಲ್ಲಿ ಶಾಂತವಾಗಿ ಕುಳಿತು ಮಂತ್ರ ಹೇಳುವುದು ಯಾವ ಮನೆಯಲ್ಲೂ ಸಾಧ್ಯ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಬೇಕು. ಮುಪ್ಪಾದವರನ್ನು ನಮ್ಮ ಮನೆ ಹೇಗೆ ನಡೆಸಿಕೊಳ್ಳುತ್ತದೆಂಬುದನ್ನು ಅವರು ಅಲ್ಲಿಯೇ ಕಲಿಯುತ್ತಾರೆ.

ಪಂಜರ ಬರಿದಾದ ಮೇಲೆ ಮಗು ಇನ್ನೊಂದನ್ನು ತರೋಣವೆಂದು ಕೇಳೀತು. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಈ ಮೂರರಿಂದಲೂ ಕರ್ಮಾಸ್ರವವುಂಟೆಂದು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಬೇಕು. ನಾವು ಕೊಳ್ಳುವುದರಿಂದಲೇ ಮತ್ತೊಂದು ಜೀವ ಪಂಜರ ಸೇರುತ್ತದೆ. ಸಾಕಲೇಬೇಕೆನಿಸಿದರೆ ಯಾರೋ ತೊರೆದ ಪ್ರಾಣಿಗೆ ಆಸರೆಯಾಗಬಹುದು.

ಶ್ರಾವಕನು ಪ್ರತಿಕ್ರಮಣದಲ್ಲಿ ಸಕಲ ಜೀವರಾಶಿಯಲ್ಲಿ ಕ್ಷಮೆ ಬೇಡುತ್ತಾನೆ. ಕಣ್ಣಿಗೆ ಕಾಣದ ಅನಂತ ಜೀವಿಗಳಲ್ಲಿ ಕ್ಷಮೆ ಬೇಡುವ ಮುನ್ನ, ನಮ್ಮ ಕೈಯಳತೆಯಲ್ಲಿರುವ ಜೀವಿಯ ನೀರಿನ ಬಟ್ಟಲು ತುಂಬಿದೆಯೇ ಎಂದು ಒಮ್ಮೆ ನೋಡಿ ಬರೋಣ.